ಹೊತ್ತು ಮುಳುಗಿದ ಮೇಲೆ ಹೆಪ್ಪು

ನಮ್ಮ ರೊಡೋಪಿ ಬೆಟ್ಟದ ಮೊಸರಿನ ಕಾರ್ಖಾನೆಯ ಗೇಟು ಕಾಯುವವನು ನಾನು, ಮಿಂಚೋ. ಸಂಜೆ ಹಾಲಿನ ಹಬೆ ಕಿಟಕಿಯಿಂದ ಹೊರಬಂದು ಪೈನ್ ಮರಗಳ ನಡುವೆ ಸುಳಿದಾಡುವಾಗ ಎಚ್ಚರವೋ ಕನಸೋ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ, ಕೆಲಸ ಬಿಡುವ ಮುಂಚೆಯೇ, ಹೆಪ್ಪಿನ ಕೋಣೆಯ ದೋನ್ಕಾ ಗೇಟಿಗೆ ಬಂದಳು. ತಲೆವಸ್ತ್ರ ಒದ್ದೆಯಾಗಿತ್ತು. ಹಣೆಗಿಳಿದ ಬಿಳಿ ಹನಿಯನ್ನು ಸರಕ್ಕನೆ ಒರೆಸಿಕೊಂಡಳು.

ನನಗೆ ಅರ್ಥವಾಯಿತು. ಬಟ್ಟೆಯನ್ನು ಹೆಪ್ಪಿನಲ್ಲಿ ಅದ್ದಿ ಒಣಗಿಸಿದರೆ ಹೆಪ್ಪನ್ನು ಸಮುದ್ರದಾಚೆಗೂ ಒಯ್ಯಬಹುದು, ಬೆಚ್ಚನೆ ಹಾಲಿಗೆ ಹಾಕಿದರೆ ಮತ್ತೆ ಮೊಸರಾಗುತ್ತದೆ.

ಕಾರ್ಖಾನೆಗೆ ಮೊದಲ ಹೆಪ್ಪು ಬಂದದ್ದು ಅವಳ ಅಮ್ಮನ ಮಡಕೆಯಿಂದ. ಹೆಪ್ಪಿಗೆ ಕಾಸು ಕೇಳುವವರಲ್ಲ ನಾವು, ಮುದುಕಿ ಸುಮ್ಮನೆ ಕೊಟ್ಟಳು. ಹೊಸ ಮಾಲೀಕರು ಅದಕ್ಕೆ ‘ಕಂಪನಿ ಗುಟ್ಟು’ ಎಂದು ಹೆಸರಿಟ್ಟರು. ಈ ಚಳಿಗಾಲ ಮುದುಕಿ ಆಸ್ಪತ್ರೆಯಲ್ಲಿದ್ದಾಗ ಮನೆಯ ಹೆಪ್ಪು ಕೆಟ್ಟುಹೋಯಿತು. ಈಗ ಅವಳಿಗೆ ಬೇರೇನೂ ಸೇರದು, ತನ್ನ ಮೊಸರೇ ಬೇಕು. ದೋನ್ಕಾ ಅಂಗಲಾಚಿದರೂ ಮ್ಯಾನೇಜರ್ ಓಗ್ನ್ಯಾನ್ ಒಂದು ಚಮಚ ಕೊಡಲಿಲ್ಲ. ಶತ್ರುವಿಗೂ ಹೆಪ್ಪು ಇಲ್ಲವೆನ್ನದ ಊರು ನಮ್ಮದು! ನನಗೆ ಮೈಯೆಲ್ಲ ಉರಿಯಿತು.

“ಹಗಲಲ್ಲೇ ಕದೀತೀಯಲ್ಲೇ, ದಡ್ಡಿ. ಕತ್ತಲಾಗ್ಲಿ ಅಂತ ಕಾಯ್ಬಾರ್ದಾ?” ಎಂದೆ.

“ಹೊತ್ತು ಮುಳುಗಿದ್ಮೇಲೆ ಹೆಪ್ಪು ಹೊಸ್ತಿಲು ದಾಟ್ಬಾರ್ದು ಅಣ್ಣಾ. ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಬೇಗ ಗೇಟ್ ತೆಗಿ.”

ಅಷ್ಟರಲ್ಲಿ ಓಗ್ನ್ಯಾನ್ ಬಂದ. “ಇಷ್ಟು ಬೇಗ ಎಲ್ಲಿಗೆ? ಚೀಲ ತೋರ್ಸು.”

ಚೀಲ ಜಾಲಾಡಿದ, ಜೇಬು ಬರಿದು ಮಾಡಿಸಿದ. ಫೋನನ್ನಂತೂ ಬಿಡಲೇ ಇಲ್ಲ. ರಾಜಧಾನಿ ಸೋಫಿಯಾದಲ್ಲಿ ಓದಿದವನು, ಗುಟ್ಟೆಲ್ಲ ಫೋನಿನಲ್ಲೇ ಇರುತ್ತದೆಂದು ಅವನ ನಂಬಿಕೆ. ತಲೆಯ ಮೇಲಿನ ಬಟ್ಟೆ ಅವನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ, “ಸರಿ, ಹೋಗು” ಎಂದು ಒಳಗೆ ನಡೆದ.

ಸೂರ್ಯ ಆಗಲೇ ಬೆಟ್ಟದ ಹಿಂದೆ ಇಳಿದಿದ್ದ. ಗೇಟು ತೆರೆದಿತ್ತು. ದೋನ್ಕಾ ಕದಲಲಿಲ್ಲ. ಅವಳ ಕಣ್ಣು ತುಂಬಿ ಬಂತು. ತಲೆವಸ್ತ್ರ ಬಿಚ್ಚಿ, ಗೇಟಿನ ಒಳಗಿದ್ದ ನನ್ನ ಕಾವಲುಗೂಡಿನ ಮೊಳೆಗೆ ತೂಗುಹಾಕಿ, ಬರಿತಲೆಯಲ್ಲಿ ಹೊರಟುಹೋದಳು.

ಹುಳಿವಾಸನೆ ನನ್ನನ್ನು ಅಮ್ಮನ ಅಡುಗೆಮನೆಗೆ ಕರೆದೊಯ್ದು ಬೆಳಗಿನವರೆಗೂ ಅಲ್ಲೇ ಕೂರಿಸಿತು. ಬಿಸಿಲು ಬಿದ್ದಾಗ ಆ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡೆ.

“ಏನ್ರೀ ಮಿಂಚೋ, ಹೆಂಗಸರ ಬಟ್ಟೆ?” ಎದುರಾದ ಓಗ್ನ್ಯಾನ್ ನಕ್ಕ.

“ಗಂಟಲು ಕೆಟ್ಟಿದೆ ಸಾರ್.”

ಗೇಟು ದಾಟಿ ನೇರ ದೋನ್ಕಾಳ ಮನೆಗೆ ನಡೆದೆ. ಬರುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಬಾಗಿಲು ತೆರೆದಿತ್ತು, ಒಲೆಯ ಪಕ್ಕ ಮುದುಕಿ ಕೂತಿದ್ದಳು, ಹಾಲು ಉಗುರುಬೆಚ್ಚಗಿತ್ತು.