ತೊಳೆದಿಟ್ಟ ಕಂಪ್ಯೂಟರ್

ನಮ್ಮ ಮನೆಯಲ್ಲಿ ನೆಲಕ್ಕೆ ಸಿಮೆಂಟು, ಕಿಟಕಿಗೆ ಜಾಲರಿ ಇದ್ದದ್ದು ಒಂದೇ ಕೋಣೆಗೆ. ಅದು ರೇಷ್ಮೆಹುಳಗಳದ್ದು. ನಾವು ಮಲಗುವ ಕಡೆ ಇಲಿ ಓಡಾಡಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಹುಳದ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋದರೆ ಮಾತ್ರ ಬೈಗುಳ. ಹೊಂಗನೂರಿನಲ್ಲಿ ಹುಳ ಸಾಕುವ ಎಲ್ಲರ ಮನೆಯಲ್ಲೂ ಹೀಗೇ ಆದ್ದರಿಂದ ದೂರು ಹೇಳಿಕೊಳ್ಳಲೂ ಯಾರೂ ಸಿಗುತ್ತಿರಲಿಲ್ಲ.

ಹಾಗಾಗಿ, ಬಿಡದಿ ಕಡೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ಸ್ವಾಮಿ ಮಾವ ಹಳೇ ಕಂಪ್ಯೂಟರ್ ತಂದುಕೊಟ್ಟಾಗ ಅದಕ್ಕೆ ಜಾಗ ಸಿಕ್ಕಿದ್ದೂ ಹುಳದ ಮನೆಯ ಮೂಲೆಯಲ್ಲೇ. ಅವರ ಆಫೀಸಿಗೆ ಹೊಸದು ಬಂದಿತ್ತು, ಇದನ್ನು ಗುಜರಿಗೆ ಹಾಕುವವರಿದ್ದರಂತೆ. ನಾನಾಗ ಮೊದಲ ಪಿಯುಸಿ. ಅಮ್ಮ ಗಾರ್ಮೆಂಟ್ಸಿಗೆ ಸೇರಿ, ಬೆಳಕು ಹರಿಯುವ ಮೊದಲೇ ಅವರ ವ್ಯಾನು ಹತ್ತಿ ಹೋಗತೊಡಗಿದ ಮೇಲೆ ಹುಳಗಳಿಗೆ ಸೊಪ್ಪು ಹಾಕುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಕಾಲೇಜಿಗೆ ಹೋಗುವ ಮುಂಚೆ ಸೊಪ್ಪು, ಬಂದ ಮೇಲೆ ಸೊಪ್ಪು. ಚನ್ನಪಟ್ಟಣದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವುದನ್ನು ಕಲಿತಿದ್ದೆ.

ಪ್ರೋಗ್ರಾಮ್ ಬರೆಯುವುದನ್ನು ಕಲಿಸಲು ಮಾತ್ರ ಯಾರೂ ಇರಲಿಲ್ಲ. ಗೆಳತಿ ಶಬ್ನಮ್ ತನ್ನ ಅಣ್ಣ ಓದಿ ಬಿಟ್ಟಿದ್ದ ‘ಸಿ’ ಭಾಷೆಯ ಪುಸ್ತಕ ಕೊಟ್ಟಳು. ಪುಸ್ತಕವೆಲ್ಲ ಇಂಗ್ಲಿಷು. ಅದನ್ನು ಬರೆದ ಪುಣ್ಯಾತ್ಮ, ಓದುವವರೆಲ್ಲ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದಿರುತ್ತಾರೆ ಅಂದುಕೊಂಡಿದ್ದ. ನಾನು ಒಂದು ಪುಟವನ್ನು ವಾರವಿಡೀ ಅಗಿಯುತ್ತಿದ್ದೆ.

ನಾನು ಬರೆಯಲು ಹೊರಟಿದ್ದು ದೊಡ್ಡದೇನಲ್ಲ. ಒಂದೊಂದು ತಟ್ಟೆ ಹುಳಕ್ಕೆ ಎಷ್ಟು ಸೊಪ್ಪು ಬೇಕು ಎಂದು ಹೇಳುತ್ತಾ ಹೋದರೆ, ಎಲ್ಲವನ್ನೂ ಕೂಡಿಸಿ ಒಟ್ಟು ಎಷ್ಟೆಂದು ಕಂಪ್ಯೂಟರ್ ಹೇಳಬೇಕು. ಅಷ್ಟೇ. ಆದರೆ ಎಷ್ಟೇ ತಟ್ಟೆಗಳನ್ನು ಹೇಳಿದರೂ ಅದು ಕೊನೆಯ ತಟ್ಟೆಯ ಸೊಪ್ಪನ್ನೇ ಒಟ್ಟು ಎಂದು ತೋರಿಸುತ್ತಿತ್ತು. ಹಿಂದಿನದನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಎಲ್ಲಿ ತಪ್ಪಿದ್ದೇನೆ ಎಂದು ಹುಡುಕಿ ಹುಡುಕಿ ಕಣ್ಣಿಗೆ ಉರಿ ಬಂದಿತ್ತು. ಆದರೂ ಆ ಮೂಲೆಯಲ್ಲಿ ಕೂತ ಸ್ವಲ್ಪ ಹೊತ್ತು ಮಾತ್ರವೇ ನಾನು ನನ್ನವಳು ಅನ್ನಿಸುತ್ತಿತ್ತು. ಅದೊಂದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ಹುಳಗಳಿಗೆ ಸುಣ್ಣಕಟ್ಟು ರೋಗ ಬಂತು. ಗೂಡು ಕಟ್ಟಬೇಕಿದ್ದ ಹುಳಗಳು ತಟ್ಟೆಯ ಮೇಲೇ ಬೆಳ್ಳಗೆ ಸೆಟೆದುಕೊಂಡವು. ಅಪ್ಪ ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿ ಬಂದು ಜಗುಲಿಯ ಮೇಲೆ ಕೂತ.

“ಆ ಡಬ್ಬ ಬಂದ್ಮೇಲೇ ಕಣವ್ವ ಇದೆಲ್ಲ ಆಗಿದ್ದು. ಊರ ಧೂಳೆಲ್ಲ ಒಳಗಿಟ್ಕಂಡು ಬಿಸಿ ಉಗುಳ್ತಾ ಕೂತೈತೆ. ಭಾನ್ವಾರ ಮರಿಹುಳ ಬತ್ತಾವೆ. ಅಷ್ಟ್ರಲ್ಲಿ ಅದು ಆಚೆಗ್ ಹೋಗ್ಬೇಕು.”

“ಎದುರುಮನೆಯೋರ್ಗೂ ಸುಣ್ಣಕಟ್ಟು ಬಂದೈತಲ್ಲಪ್ಪ. ಅವ್ರ ಮನೇಲಿ ಕಂಪ್ಯೂಟ್ರು ಐತಾ?” ಎಂದೆ.

“ಎದುರು ಮಾತಾಡ್ಬೇಡ. ಗುಜ್ರಿಯವ್ನು ಬಂದ್ರೆ ಕೊಟ್ಬುಡ್ತೀನಿ.”

ಅಜ್ಜಿ ಮುನಿಯಮ್ಮ ಎಲೆ ಅಡಿಕೆ ಅಗಿಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪನಿಗೂ ಹುಳಗಳಿಗೂ ಹೆದರದ ಜೀವ ನಮ್ಮ ಮನೆಯಲ್ಲಿ ಅದೊಂದೇ.

ಶನಿವಾರ ಕಾಲೇಜಿನಿಂದ ಬಂದಾಗ ಬೀದಿಗೇ ಬ್ಲೀಚಿಂಗ್ ಪೌಡರಿನ ಘಾಟು ಹೊಡೆಯುತ್ತಿತ್ತು. ಹೊಸ ಬೆಳೆಗೆ ಮುಂಚೆ ಹುಳದ ಮನೆಯ ಸಾಮಾನನ್ನೆಲ್ಲ ತೊಳೆಯುವುದು ವಾಡಿಕೆ. ಬೇಲಿಯುದ್ದಕ್ಕೂ ತಟ್ಟೆ, ಬಲೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒಣಗುತ್ತಿದ್ದವು. ಅವುಗಳ ಸಾಲಿನಲ್ಲೇ, ಮುಚ್ಚಳ ಬಿಚ್ಚಿದ ಕಂಪ್ಯೂಟರಿನ ಪೆಟ್ಟಿಗೆ. ಪಕ್ಕದಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಕೀಬೋರ್ಡು.

“ಬಾ ಮಣಿ,” ಎಂದಳು ಅಜ್ಜಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಬೆರಳೆಲ್ಲ ಬಿಳಿಚಿಕೊಂಡಿದ್ದವು. “ಅದ್ರೊಳ್ಗೆ ಏನ್ ಧೂಳು, ಏನ್ ಜೇಡ್ರಬಲೆ! ಬಕೀಟುಗಟ್ಲೆ ನೀರು ಹುಯ್ದು, ತಿಕ್ಕಿ ತಿಕ್ಕಿ ತೊಳ್ದಿವ್ನಿ. ಟೀವಿ ಥರ ಐತಲ್ಲ, ಅದು ಗಾಜು ಅಂತವ ಬಟ್ಟೇಲಿ ಒರೆಸ್ದೆ.”

“ಅಜ್ಜಿ…”

“ನಿಮ್ಮಪ್ಪಂಗಂದೆ, ಲೇ ದಾಸ, ರೋಗ ಅಂಟೋದು ಕೊಳೆಗೆ ಕಣ್ಲಾ, ಸಾಮಾನಿಗಲ್ಲ. ತೊಳ್ದು ಬಿಸ್ಲಲ್ಲಿ ಒಣಗಿಸ್ಬುಟ್ರೆ ತಟ್ಟೆಗೂ ಇದ್ಕೂ ಏನ್ಲಾ ಯತ್ವಾಸ? ಮಗ ಆಸೆ ಮಡೀಕಂಡೈತೆ, ಅಲ್ಲೇ ಇರ್ಲಿ ಅಂದೆ. ಒಪ್ಕಂಡ.”

ಅಪ್ಪ ಬೇಲಿಯ ಆಚೆಯಿಂದ, “ನಿಮ್ಮಜ್ಜಿ ಗೆದ್ಲು ಬುಡು. ಇರ್ಲಿ ಅಲ್ಲೇ,” ಎಂದ.

ಕೂಗಾಡಬೇಕು ಅನ್ನಿಸಿತು. ಆದರೆ ಕೂಗಾಡುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅಜ್ಜಿ ನನಗೆ ಜಾಗ ಗೆದ್ದುಕೊಟ್ಟಿದ್ದಳು, ಗೆಲ್ಲುವ ಭರದಲ್ಲಿ ಕಂಪ್ಯೂಟರನ್ನೇ ಕೊಂದಿದ್ದಳು. ಯಾರ ಮೇಲೆ ರೇಗಲಿ? ಬ್ಯಾಗು ಇಟ್ಟು, ಉಳಿದ ತಟ್ಟೆಗಳನ್ನು ತೊಳೆಯಲು ಕೂತೆ.

ಭಾನುವಾರ ಮರಿಹುಳ ಬಂದವು. ಪೆಟ್ಟಿಗೆಯನ್ನು ಅಪ್ಪನೇ ಎತ್ತಿ ತಂದು ಮೂಲೆಯಲ್ಲಿಟ್ಟ. ಎಲ್ಲ ವೈರು ಸಿಕ್ಕಿಸಿ ಸ್ವಿಚ್ ಹಾಕಿದೆ. ಪೆಟ್ಟಿಗೆ ಉಸಿರೆತ್ತಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಇಲ್ಲ. ತೆರೆ ಮಾತ್ರ ಹೊತ್ತಿಕೊಂಡು, ಸಿಗ್ನಲ್ ಬರುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸತೊಡಗಿತು.

“ಬೆಳಕು ಬಂತು ನೋಡು!” ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ಅಜ್ಜಿ ಹಿಗ್ಗಿದಳು. ಸೊಪ್ಪಿನ ಮಣೆ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು. “ಒತ್ತು ಮಗ, ನಾನೂ ಒಸಿ ನೋಡ್ತೀನಿ.”

ಒತ್ತಿದೆ. ಬೇರೇನು ಮಾಡಲಿ? ಬಾಯಿಪಾಠವಾಗಿದ್ದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಒತ್ತುತ್ತಾ ಹೋದೆ. ಕೀಲಿಗಳ ಕೆಳಗೆ ಇನ್ನೂ ನೀರಿತ್ತು. ಎಷ್ಟು ತಟ್ಟೆ ಎಂದು ಕೇಳು. ಒಂದೊಂದೇ ತಟ್ಟೆಗೆ ಬಾ. ಒಟ್ಟನ್ನು ಸೊನ್ನೆ ಮಾಡು. ಈ ತಟ್ಟೆಯ ಸೊಪ್ಪು ಕೂಡಿಸು. ಮುಂದಿನ ತಟ್ಟೆಗೆ ಹೋಗು. ಮತ್ತೆ ಒಟ್ಟನ್ನು ಸೊನ್ನೆ ಮಾಡು…

ಕೈ ನಿಂತಿತು. ಅಜ್ಜಿ ಹುಳದ ಮನೆಯನ್ನು ತೊಳೆಯುವುದು ಬೆಳೆ ಶುರುವಾಗುವ ಮುಂಚೆ, ಒಂದೇ ಸಲ. ಪ್ರತಿ ಸಲ ಸೊಪ್ಪು ಹಾಕುವಾಗಲೂ ಎಲ್ಲವನ್ನೂ ತೊಳೆದುಬಿಟ್ಟರೆ ಉಳಿಯುವುದೇನು? ನಾನು ಮಾಡುತ್ತಿದ್ದದ್ದು ಅದೇ. ಪ್ರತಿ ತಟ್ಟೆಗೂ ಒಟ್ಟನ್ನು ಸೊನ್ನೆ ಮಾಡುತ್ತಿದ್ದೆ. ಆ ಒಂದು ಸಾಲು ಮೇಲಕ್ಕೆ, ಶುರುವಿಗೇ ಹೋದರೆ ಸಾಕಿತ್ತು.

ತಪ್ಪು ಸಿಕ್ಕಿತ್ತು. ಓಡಿಸಿ ನೋಡಲು ಏನೂ ಉಳಿದಿರಲಿಲ್ಲ. ಅಳು ಉಕ್ಕಿ ಬಂತು.

“ಯಾಕ್ ಮಗ?”

“ಏನಿಲ್ಲ ಅಜ್ಜಿ. ಲೆಕ್ಕ ಸರಿಯಾಯ್ತು.”

“ಲೇ ದಾಸ! ಬಾರ್ಲಾ ಇಲ್ಲಿ! ಮಣಿ ಲೆಕ್ಕ ಗೆದ್ಬುಟ್ಳು!”

ಅಪ್ಪ ಬಂದು ಹಿಂದೆ ನಿಂತ. ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿದವನಿಗೆ ಸತ್ತ ಮೆಷಿನ್ನು ಗೊತ್ತಾಗದೆ ಇರುತ್ತದೆಯೇ? ದೀಪ ಹತ್ತದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಅದು ತಣ್ಣಗಿತ್ತು. ನನ್ನ ಮುಖ ನೋಡಿದ. ಆಮೇಲೆ ಅಜ್ಜಿಯ ಬಿಳಿಚಿದ ಬೆರಳುಗಳನ್ನು ನೋಡಿದ.

“ಹೂಂ ಕಣವ್ವ,” ಎಂದ. “ಸರಿಯಾಗೈತೆ.”

ಕತ್ತರಿಸಿದ ಸೊಪ್ಪಿನ ಮಂಕರಿಯನ್ನು ನನಗೂ ಮುಂಚೆ ತಾನೇ ಎತ್ತಿಕೊಂಡ.

“ಈ ಹೊತ್ತು ನಾನ್ ಹಾಕ್ತೀನಿ. ನೀನು ಹೋಗಿ ಒಸಿ ಮಲಿಕ್ಕೊ, ಹೋಗವ್ವ.”