ಹದಿನೇಳರ ಗೆರೆ

ಹತ್ತೊಂಬತ್ತರ ಗೆರೆಯ ಕೆಳಗೆ ಹದಿನೆಂಟು ಇರಬೇಕಿತ್ತು. ನೀರಿನಿಂದ ತಲೆಯೆತ್ತಿದ್ದು ಹದಿನೇಳು.

ನಾನು ಕೆಳಗಿನ ಊರಿನ ಪುರಸಭೆಗೆ ಜಲಾಶಯದ ಮಟ್ಟ ನೋಡುವವನು. ಪಕ್ಕದಲ್ಲಿದ್ದವರು ಮೇಲಿನ ಊರಿನ ಪುರಸಭೆಗೆ ಅದೇ ಕೆಲಸ ಮಾಡುವ ನನ್ನ ಭಾವ, ಅಕ್ಕನ ಗಂಡ. ಎರಡೂ ಊರಿಗೆ ಇರುವುದು ಇದೊಂದೇ ನೀರು. ದಿನಾ ಬೆಳಿಗ್ಗೆ ಇಬ್ಬರೂ ಎಂಬತ್ತೆರಡು ಮೆಟ್ಟಿಲಿಳಿದು ಗೋಡೆಯ ಮೇಲಿನ ಅಂಕಿ ಓದಬೇಕು. ಅವರ ಪುಸ್ತಕದಲ್ಲಿ ನಾನು ಬರೆಯಬೇಕು, ನನ್ನದರಲ್ಲಿ ಅವರು. ಊರುಗಳು ಒಂದನ್ನೊಂದು ನಂಬದ ಕಾಲದ ಪದ್ಧತಿ. ಮಟ್ಟ ಹದಿನೆಂಟು ಅಡಿಗಿಂತ ಮೇಲಿದ್ದರೆ ನಮ್ಮೂರಿಗೆ ದಿನಕ್ಕೆ ಆರು ಗಂಟೆ ನೀರು. ಹದಿನೆಂಟಕ್ಕಿಳಿದರೆ ಮೂರೇ ಗಂಟೆ, ಉಳಿದದ್ದು ಮೇಲಿನ ಊರಿಗೆ.

"ಈ ಬಣ್ಣ ಬಳಿದ ಪುಣ್ಯಾತ್ಮ ಯಾರು?" ಎಂದರು ಭಾವ, ಗೊತ್ತಿದ್ದೂ.

ನಾನೇ. ಹೋದ ವರ್ಷ ಗೋಡೆಯ ಮೇಲಂಚಿನಿಂದ ಟೇಪು ಇಳಿಬಿಟ್ಟು ನೀರಿನವರೆಗೆ ಹೊಸ ಅಂಕಿ ಬರೆದಿದ್ದೆ. ರೇಲಿಂಗ್ ಹಾಕಲು ಮೇಲಿನ ಒಂದು ಸಾಲು ಕಲ್ಲು ಕಿತ್ತಿದ್ದರು, ಸರಿಯಾಗಿ ಒಂದಡಿ. ಈ ಬುರುಡೆಗೆ ಅದು ಹೊಳೆಯಲೇ ಇಲ್ಲ. ನೀರೊಳಗಿನ ಹಳೆಯ ಅಂಕಿಗಳು ಸರಿ, ನನ್ನವೆಲ್ಲ ಒಂದಡಿ ಸುಳ್ಳು. ಅಂದರೆ ಹನ್ನೆರಡು ದಿನದ ಹಿಂದೆ ಹತ್ತೊಂಬತ್ತು ಎಂದು ಬರೆದಾಗಲೇ ನೀರು ಹದಿನೆಂಟಕ್ಕಿಳಿದಿತ್ತು; ಅಂದಿನಿಂದ ನಮ್ಮೂರು ಅವರ ಪಾಲಿನ ನೀರು ಕುಡಿಯುತ್ತಿತ್ತು.

ನಿನ್ನೆ ಅಕ್ಕ ಫೋನಿನಲ್ಲಿ, "ನಲ್ಲಿ ಬರೀ ಕೆಮ್ಮುತ್ತೆ ಕಣೋ, ಮೂರನೇ ಮಹಡಿಗೆ ಬಕೆಟ್ ಹೊತ್ತೂ ಹೊತ್ತೂ ಸೊಂಟ ಬಿದ್ದೋಯ್ತು" ಎಂದಿದ್ದಳು. "ವ್ಯಾಯಾಮ ಆಯ್ತು ಬಿಡಕ್ಕ" ಎಂದು ನಕ್ಕಿದ್ದೆ. ಈಗ ನಾಚಿಕೆಯಾಯಿತು.

ಮೇಲೆ ಕಚೇರಿಯಲ್ಲಿ ಎರಡೂ ಪುರಸಭೆಗಳ ಅಧ್ಯಕ್ಷರು ಕಾಯುತ್ತಿದ್ದರು. ಹತ್ತು ವರ್ಷದ ಒಪ್ಪಂದ ಇವತ್ತಿಗೆ ಮುಗಿಯುತ್ತದೆ. ನಾವು ಪುಸ್ತಕ ಒಯ್ದರೆ ಹೊಸದಕ್ಕೆ ಸಹಿ. ಕದ್ದರು ಎಂಬ ಒಂದು ಮಾತು ಎದ್ದರೆ ಒಪ್ಪಂದಕ್ಕೆ ಎಳ್ಳುನೀರು, ನನ್ನ ಕೆಲಸಕ್ಕೂ.

"ಹದಿನೆಂಟು ಅಂತ ಬರಿ ಬಾಮೈದ," ಭಾವ ಮೆಲ್ಲಗೆ ಹೇಳಿದರು. "ಇವತ್ತಿಂದ ನಿಮಗೆ ಹೇಗೂ ಮೂರು ಗಂಟೆ. ಸಹಿ ಆಗ್ಲಿ, ನಾಳೆ ಬಣ್ಣ ಬಳಿಯೋಣ."

"ಆ ಹನ್ನೆರಡು ದಿನ? ಅಕ್ಕ ಹೊತ್ತ ಬಕೆಟ್ಟು?"

ನಾನು ಅವರ ಪುಸ್ತಕದಲ್ಲಿ ಬರೆದೆ: ಹದಿನೇಳು ಅಡಿ. ಹನ್ನೆರಡು ದಿನದ ಅಂಕಿ ತಪ್ಪು. ಬರೆದವನು ನಾನು. ಟೇಪಿನ ಮೇಲಿನ ತುದಿ ಯಾರು ಹಿಡಿದಿದ್ದರು ಎಂಬುದನ್ನು ಬರೆಯಲಿಲ್ಲ. ಭಾವ ಬೆನ್ನು ತಿರುಗಿಸಿ ನನ್ನ ಪುಸ್ತಕದಲ್ಲಿ ತುಂಬ ಹೊತ್ತು ಗೀಚಿದರು.

ಮೇಲಿನ ಊರಿನ ಅಧ್ಯಕ್ಷರು ಓದಿ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. "ನೀರು ಕದ್ದು ಈಗ ತಪ್ಪಾಯ್ತು ಅಂತೀರಾ?" ಎಂದು ಎದ್ದೇ ನಿಂತರು.

"ಸ್ವಲ್ಪ ಇರಿ," ಎಂದರು ನಮ್ಮ ಅಧ್ಯಕ್ಷೆ. ನಮ್ಮ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದರು: "ಹದಿನೇಳು ಅಡಿ. ಟೇಪು ಮೇಲೆ ಹಿಡಿದವನು ನಾನು, ಮೇಲಿನ ಊರಿನವನು. ಕಲ್ಲು ಕಿತ್ತದ್ದನ್ನು ನೋಡಿಯೂ ಹೇಳಲಿಲ್ಲ."

ಭಾವ ನೆಲ ನೋಡುತ್ತಿದ್ದರು. ಅವರ ಅಧ್ಯಕ್ಷರು ಅವರನ್ನು ದುರುಗುಟ್ಟಿ ನೋಡಿ, ಕೊನೆಗೆ ಕುಳಿತರು.

"ದಿನಕ್ಕೆ ಮೂರು ಗಂಟೆ, ಹನ್ನೆರಡು ದಿನ," ಎಂದರು ನಮ್ಮ ಅಧ್ಯಕ್ಷೆ. "ಮೂವತ್ತಾರು ಗಂಟೆ ನೀರು ಬಾಕಿ, ಅದು ತೀರೋವರೆಗೆ ನಮ್ಮ ಗೇಟ್ ಮುಚ್ಚಿರುತ್ತೆ. ಈಗಿಂದಲೇ. ಒಪ್ಪಿಗೆನಾ?"

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

ಗೇಟಿನ ಚಕ್ರವನ್ನು ನಾನೂ ಭಾವನೂ ಸೇರಿ ತಿರುಗಿಸಿದೆವು. ಅದು ಪೂರ್ತಿ ಕೂತ ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. "ತಲೆಗೆಲ್ಲ ಸೋಪು ಹಚ್ಕೊಂಡಿದ್ದೀನಿ, ನಲ್ಲಿ ನಿಂತೋಯ್ತು! ನೀವು ಅಲ್ಲಿ ಏನು ಮಾಡ್ತಿದ್ದೀರಿ?"

"ಅಕ್ಕನ ಮನೆಗೆ ನೀರು ಬಿಡ್ತಿದ್ದೀನಿ," ಎಂದೆ.