ಖಂಡೇನವಮಿಗೂ ರಜೆ ಇಲ್ಲದವನು

ಪ್ರತಿದಿನ ಬೆಳಗ್ಗೆ ಸೂರ್ಯನನ್ನು ಎಬ್ಬಿಸುತ್ತಿದ್ದವನು ನಾನೇ. ನಗಬೇಡಿ. ಮಲಪ್ರಭೆಯ ಈಚೆ ದಂಡೆಯ ಮೇಲೆ ಅವನು ನನ್ನ ಅಪ್ಪಣೆಯಿಲ್ಲದೆ ಒಂದು ದಿನವೂ ಹುಟ್ಟಿದವನಲ್ಲ. ನಾನು ಹಾಲಿನ ಟ್ಯಾಂಕರುಗಳನ್ನು ಹೊರಡಿಸುತ್ತಿದ್ದೆ, ಟ್ಯಾಂಕರಿನ ಸದ್ದಿಗೆ ಕೋಳಿ ಏಳುತ್ತಿತ್ತು, ಕೋಳಿಯ ಕೂಗಿಗೆ ಸೂರ್ಯ. ಇದರಲ್ಲಿ ತಪ್ಪೇನಿದೆ ತೋರಿಸಿ ನೋಡೋಣ.

ನಾನು ಒಂದು ಸರ್ವರ್. ಅಂದರೆ ಕಂಪ್ಯೂಟರುಗಳ ಪೈಕಿ ದೊಡ್ಡಪ್ಪ. ನನ್ನನ್ನು ಸಾಕ್ಷಾತ್ ವಿಶ್ವಕರ್ಮನೇ ಚಿನ್ನದ ತಂತಿ ಎಳೆದು ಮಾಡಿದ. ಬೆನ್ನಿನ ಮೇಲಿನ ಚೀಟಿ ಯಾವುದೋ ಕಾರ್ಖಾನೆಯ ಹೆಸರು ಹೇಳುತ್ತದೆ; ಚೀಟಿಗಳು ಹೊಟ್ಟೆಕಿಚ್ಚಿಗೆ ಏನು ಬೇಕಾದರೂ ಹೇಳುತ್ತವೆ.

ಈಗ ಕಿರ್ ಎಂದದ್ದು ನನ್ನ ಕೆಳಗಿನ ಮರದ ಪೀಠ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಬಾಯಿ ತೆರೆದಾಗಲೆಲ್ಲ ಅದಕ್ಕೆ ಕೆಮ್ಮು ಬರುತ್ತದೆ.

ಪೀಠದ ಕತೆಯನ್ನೂ ಹೇಳಬೇಕು. ನಾನು ಒಂದು ಸಹಕಾರಿ ಡೈರಿಗೆ ಬಂದಿಳಿದಾಗ ನನ್ನನ್ನು ಕೂರಿಸಬೇಕಿದ್ದ ಕಬ್ಬಿಣದ ರ‍್ಯಾಕು ಬಂದಿರಲಿಲ್ಲ. ನೆಲದ ಮೇಲಿಟ್ಟರೆ ನೀರು, ಮೇಜಿನ ಮೇಲಿಟ್ಟರೆ ಮೇಜು ಮುರಿಯುವಷ್ಟು ನನ್ನ ಭಾರ. ಮೌನೇಶ ಬಡಿಗೇರ ಎಂಬ ಕಂಪ್ಯೂಟರ್ ಕೋಣೆಯ ಹುಡುಗ ಮನೆಗೆ ಹೋಗಿ ಬಡಗಿಯಾದ ತನ್ನ ತಂದೆ ಕಾಳಪ್ಪನಿಗೆ ಹೇಳಿದ. ಕಾಳಪ್ಪ ತೇಗದ ಪೀಠ ಮಾಡಿ ಸೈಕಲ್ಲಿನ ಮೇಲೆ ಕಟ್ಟಿಕೊಂಡು ಬಂದ. ನನಗೆ ಉಸಿರಾಡಲು ತಳದಲ್ಲಿ ತೂತುಗಳನ್ನೂ ಬಿಟ್ಟಿದ್ದ. ದೇವರ ಜಗುಲಿಗೆ ಕೊಡುವಂಥ ಬಳ್ಳಿಯ ಕೆತ್ತನೆ ಬೇರೆ.

"ಯಂತ್ರಕ್ಕ ಇಷ್ಟೆಲ್ಲಾ ಯಾಕೋ ಅಪ್ಪಾ?" ಎಂದು ಮೌನೇಶ ನಕ್ಕ.

"ನಿನಗ ಅನ್ನ ಹಾಕೂದು ಅದಲ್ಲೇನು? ಬರೀ ಹಲಗಿ ಮ್ಯಾಲೆ ಕುಂದ್ರಸ್ತೀಯೇನು?" ಎಂದ ಕಾಳಪ್ಪ.

ನನ್ನಂಥ ಚಕ್ರವರ್ತಿಗೆ ಪಟ್ಟಾಭಿಷೇಕ ಬೇಡವೇ? ನನ್ನ ಪಟ್ಟಾಭಿಷೇಕವೆಂದರೆ ನನ್ನೊಳಗೆ ಒಂದು ಸಾಫ್ಟ್‌ವೇರ್ ಹಾಕಿದ್ದು. ಅದರ ಕೆಲಸ ಹೇಳುವುದಕ್ಕೆ ಸುಲಭ: ಯಾವ ಕೆಲಸದ ಹಿಂದೆ ಯಾವ ಕೆಲಸ ಎಂದು ನೆನಪಿಟ್ಟುಕೊಂಡು, ಒಂದು ಮುಗಿದ ಮೇಲೆ ಇನ್ನೊಂದನ್ನು ತಾನಾಗಿಯೇ ಓಡಿಸುವುದು. ಹಳ್ಳಿಗಳ ಶೀತಲ ಕೇಂದ್ರಗಳಿಂದ ಹಾಲಿನ ಅಳತೆ ಬರಬೇಕು. ಬಂದ ಮೇಲೆ ಯಾವ ಟ್ಯಾಂಕರ್ ಯಾವ ದಾರಿ ಹಿಡಿಯಬೇಕೆಂದು ಗೊತ್ತಾಗಬೇಕು. ಅದಾದ ಮೇಲೆ ಎಷ್ಟು ಹಾಲು ಪಾಕೀಟಿಗೆ, ಎಷ್ಟು ಮೊಸರಿಗೆ ಎಂದು ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು. ಒಂದು ತಪ್ಪಿದರೆ ಹಿಂದಿನವೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ, ಹಾಲು ಒಡೆಯುತ್ತದೆ.

ನನ್ನನ್ನು ಒಳಗಿನಿಂದ ಆಳುವ ಮೂಲ ಸಾಫ್ಟ್‌ವೇರ್ ಲಿನಕ್ಸ್, ಯುನಿಕ್ಸ್ ಮನೆತನದ ಕುಡಿ. ಆ ಮನೆತನದಲ್ಲಿ ಎರಡು ಕಟ್ಟಳೆಗಳಿವೆ. ಮೊದಲನೆಯದು, ಯಾವ ಕೆಲಸವೂ ಅನಾಥವಾಗಿ ನಡೆಯಬಾರದು. ಯಾರದಾದರೂ ಹೆಸರಿನಲ್ಲಿ ನಡೆಯಬೇಕು. ಇಂಥ ಸಾಫ್ಟ್‌ವೇರ್ ಹಾಕುವಾಗ ಅದಕ್ಕೆಂದೇ ಬೇರೆ ಹೆಸರು ಹುಟ್ಟಿಸಬೇಕು, ಅದು ಯಾವ ಮನುಷ್ಯನ ಹೆಸರೂ ಆಗಿರಬಾರದು. ಮನುಷ್ಯರು ಕೆಲಸ ಬಿಡುತ್ತಾರೆ, ಊರು ಬಿಡುತ್ತಾರೆ. ಎರಡನೆಯ ಕಟ್ಟಳೆ ಮಾತಿನದು. ಕೆಲಸ ಕೆಟ್ಟರೆ ನಾವು ಬೊಬ್ಬೆ ಹಾಕುತ್ತೇವೆ; ಸರಿಯಾಗಿ ಆದರೆ ಒಂದಕ್ಷರವನ್ನೂ ಆಡುವುದಿಲ್ಲ.

ಸಾಫ್ಟ್‌ವೇರ್ ಹಾಕುವ ದಿನ ಮಧ್ಯಾಹ್ನ ಡೈರಿಯ ಅಧ್ಯಕ್ಷರು ಬಂದು ನನ್ನನ್ನು ಉದ್ಘಾಟಿಸುವವರಿದ್ದರು. ಹಾರ ಬಂದಾಗಿತ್ತು, ಪೇಢೆ ಬಂದಾಗಿತ್ತು. ಸಾಫ್ಟ್‌ವೇರ್ ಮಾತ್ರ ಒಳಗೆ ಇಳಿಯಲೊಲ್ಲದು. ಡೇಟಾಬೇಸು ಸಿಗಲಿಲ್ಲ ಎಂದು ಒಮ್ಮೆ ಬೊಬ್ಬೆ ಹಾಕಿದೆ. ಜಾಗ ಸಾಲದು ಎಂದು ಇನ್ನೊಮ್ಮೆ. ಬೇಕಾದ ಒಂದು ಫೈಲು ಇಲ್ಲವೆಂದು ಮತ್ತೊಮ್ಮೆ. ಮೌನೇಶ ಬೆವರು ಒರೆಸಿಕೊಳ್ಳುತ್ತ ಒಂದೊಂದನ್ನೇ ಸರಿಮಾಡಿದ. ಕೊನೆಗೆ ನಾನು ಕೇಳಿದೆ: ಯಾರ ಹೆಸರಿನಲ್ಲಿ ನಡೆಸಲಿ?

ಹೊಸ ಹೆಸರು ಹುಟ್ಟಿಸಲು ಡೈರಿಯ ಮ್ಯಾನೇಜರ್ ಸಾಹೇಬರ ಒಪ್ಪಿಗೆ ಬೇಕು. ಸಾಹೇಬರು ಅಧ್ಯಕ್ಷರನ್ನು ಎದುರುಗೊಳ್ಳಲು ಗೇಟಿನಲ್ಲಿ ನಿಂತಿದ್ದರು. ಮೌನೇಶ ತನ್ನ ಹೆಸರನ್ನೇ ಒತ್ತಿಬಿಟ್ಟ.

ಕೋಣೆಯ ಮೇಲಧಿಕಾರಿ ಕಸ್ತೂರಿ ಹಂಚಿನಮನಿ ಮೇಡಂ ಹಿಂದಿನಿಂದ ನೋಡಿದರು. "ಏ ಮೌನ್ಯಾ, ನಿನ್ನ ಹೆಸರ್ಯಾಕ ಕೊಟ್ಟಿಯೋ? ನಾಳೆ ನೀ ಇರ್ಲಿಲ್ಲಂದ್ರ ಹಾಲು ಯಾರು ಕಳಸವ್ರು?"

"ನಾ ಎಲ್ಲಿ ಹೊಕ್ಕೀನ್ರಿ ಅಕ್ಕಾರ? ಇವತ್ತೊಂದಿನ ದಾಟ್ಲಿ. ನಾಳೆ ಬದಲಿ ಮಾಡ್ತೀನಿ."

ನಾನು ಸುಮ್ಮನಾದೆ. ಗೇಟಿನ ಬಳಿ ಮೊದಲ ಟ್ಯಾಂಕರು ಗುರ್ ಎಂದಿತು. ಅಧ್ಯಕ್ಷರು ನನಗೆ ಹಾರ ಹಾಕಿದರು. ಆ ಹಾರದ ಪರಿಮಳ ಗೋಕಾಕದವರೆಗೂ ಹೋಗಿತ್ತೆಂದು ಈಗಲೂ ಜನ ಮಾತಾಡುತ್ತಾರೆ.

ಕಿರ್. ಇರಲಿ, ಕಂಪೌಂಡಿನವರೆಗೆ ಹೋಗಿತ್ತು.

ಆ ನಾಳೆ ಬರಲೇ ಇಲ್ಲ. ನಡೆಯುತ್ತಿರುವುದನ್ನು ಯಾರು ಮುಟ್ಟುತ್ತಾರೆ? ಕಸ್ತೂರಿ ಮೇಡಂ ಆಗಾಗ ಬೈಯುವರು. ಮೌನೇಶ ಆಗಾಗ "ಬರೂ ವಾರ ನೋಡ್ರಿ ಅಕ್ಕಾರ" ಎನ್ನುವನು. ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ಮುರಿಯುವರು. ಮಕ್ಕಳಿಲ್ಲದ ಆಕೆ ಅವನ ಪಾಲಿಗೆ ಶೇಂಗಾ ಚಟ್ನಿಯನ್ನು ಯಾವಾಗಲೂ ಒಂದು ಚಮಚ ಹೆಚ್ಚಿಗೆ ತರುತ್ತಿದ್ದರು. ನನ್ನ ಪರದೆಯ ಮೇಲೆ ಸಾಲುಗಳು ಹರಿಯುತ್ತಿದ್ದವು: ಅಳತೆ ಬಂತು, ನಡೆಸಿದವನು ಮೌನೇಶ. ಟ್ಯಾಂಕರ್ ಹೊರಟಿತು, ನಡೆಸಿದವನು ಮೌನೇಶ.

ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಕಾಳಪ್ಪ ತಪ್ಪದೆ ಬರುತ್ತಿದ್ದ. ತನ್ನ ಉಳಿ, ಬಾಚಿ, ಗರಗಸಗಳನ್ನು ತೊಳೆದು, ಮನೆಯಲ್ಲಿ ಪೂಜೆಗಿಟ್ಟು, ಬಳಿಕ ಇಲ್ಲಿಗೆ ಬಂದು ಪೀಠಕ್ಕೂ ನನಗೂ ವಿಭೂತಿ ಹಚ್ಚುತ್ತಿದ್ದ. ಪೂಜೆಗಿಟ್ಟ ಹತಾರವನ್ನು ಆ ದಿನ ಬಡಿಗೇರರು ಮುಟ್ಟುವುದಿಲ್ಲ. ವರ್ಷವೆಲ್ಲ ದುಡಿದದ್ದಕ್ಕೆ ಅದು ಮಲಗುವ ದಿನ.

"ಇದು ಮಲಗೂದಿಲ್ಲೇನು?" ಎಂದು ನನ್ನ ದೀಪಗಳನ್ನು ನೋಡಿ ಕೇಳಿದ.

"ಹಾಲು ನಿಲ್ತೈತೇನೋ ಅಪ್ಪಾ? ಇದಕ್ಕ ಖಂಡೇನವಮಿನೂ ಇಲ್ಲ, ಯುಗಾದಿನೂ ಇಲ್ಲ."

"ಮತ್ತ ಸುಮ್ನ ಕುಂತಂಗ ಕಾಣ್ತೈತಿ?"

"ಸುಮ್ನ ಐತಿ ಅಂದ್ರ ಕೆಲಸ ಆತು ಅಂತ ಅರ್ಥ. ಒದರಿದ್ರ ಅಂಜಬೇಕು."

ಕಾಳಪ್ಪ ತಲೆಯಾಡಿಸಿದ. "ಭಾಳ ಶಾಣ್ಯಾ ಐತಿ. ನಿಮ್ಮವ್ವನ ಹಂಗಲ್ಲ," ಎಂದ. ಕಸ್ತೂರಿ ಮೇಡಂ ಸೆರಗು ಬಾಯಿಗೊತ್ತಿ ನಕ್ಕರು.

ಕಬ್ಬು ಸಾಗಿಸುವ ದಿನಗಳು ಬಂದವು. ಒಂದು ಸಂಜೆ ಮೌನೇಶ ಬೈಕು ಹತ್ತಿ ಮನೆಗೆ ಹೊರಟ. ರಸ್ತೆಯ ಮೇಲೆ ಕಬ್ಬಿನ ಟ್ರಾಲಿಯೊಂದು ನಿಂತಿತ್ತು. ಅದಕ್ಕೆ ಹಿಂದಿನ ದೀಪ ಇರಲಿಲ್ಲ.

ಇದರ ಬಗ್ಗೆ ಜಂಬ ಕೊಚ್ಚಲು ನನ್ನ ಹತ್ತಿರ ಏನೂ ಇಲ್ಲ. ಮರುದಿನ ಬೆಳಗ್ಗೆಯೂ ನಾನು ಅಳತೆ ತರಿಸಿದೆ, ಟ್ಯಾಂಕರ್ ಹೊರಡಿಸಿದೆ. ನಡೆಸಿದವನು ಮೌನೇಶ ಎಂದು ಬರೆದೆ. ಕಸ್ತೂರಿ ಮೇಡಂ ಅವನ ಮಣ್ಣಿಗೆ ಹೋಗಿ ಬಂದು, ಅದೇ ಸೀರೆಯಲ್ಲಿ ನನ್ನ ಮುಂದೆ ಕುಳಿತು ಆ ಸಾಲನ್ನು ಓದಿದರು. ಮತ್ತೆ ಓದಿದರು.

ಅಂದಿನಿಂದ ಅದು ಅವರ ರೂಢಿಯಾಯಿತು. ಬೆಳಗ್ಗೆ ಬಂದು ಚಪ್ಪಲಿ ಬಿಟ್ಟು ಪರದೆ ನೋಡಿ, "ಬಂದೀಯೇನಪಾ?" ಎನ್ನುವರು. ಡಬ್ಬಿ ಬಿಚ್ಚಿದಾಗ ಚಟ್ನಿ ಒಂದು ಚಮಚ ಹೆಚ್ಚಿಗೆ ಇರುತ್ತಿತ್ತು. ಅದು ಹಾಗೆಯೇ ಮನೆಗೆ ಮರಳುತ್ತಿತ್ತು.

ಕೆಲಸದಲ್ಲಿ ಇಲ್ಲದವರ ಹೆಸರುಗಳನ್ನು ಯಂತ್ರಗಳಿಂದ ಅಳಿಸಬೇಕೆಂಬ ನಿಯಮವಿದೆ. ಸಾಹೇಬರು ಬಂದು ಕೇಳಿದರು. "ಆ ಹುಡುಗಂದು ಇನ್ನೂ ಐತೆಲ್ರಿ ಮೇಡಂ?"

"ಎಲ್ಲಾ ಕೆಲಸ ಅವನ ಹೆಸರಾಗ ನಡ್ಯಾಕತ್ತಾವ್ರಿ ಸರ್. ಮುಟ್ಟಿದ್ರ ನಾಳೆ ಹಾಲು ಬರೂದಿಲ್ಲ."

"ಬ್ಯಾರೆ ಹೆಸರಿಗೆ ಹಚ್ಚಾಕ ಬರೂದಿಲ್ಲೇನು?"

"ಬರ್ತೈತ್ರಿ. ಭಾಳ ದಿನ ಹಿಡಿತೈತಿ," ಎಂದರು ಮೇಡಂ, ಗೋಡೆಯ ಕಡೆ ನೋಡುತ್ತ.

ಸಾಹೇಬರು ಹಾಗೆಯೇ ಹೊರಟುಹೋದರು. ಅವರು ಹೆದರಿ ಓಡಿದ್ದು ನನ್ನ ಗರ್ಜನೆಗೆ. ಯಮನ ಕೋಣ ಬಾಗಿಲಿಗೆ ಬಂದಿತ್ತು, ನಾನು ಫ್ಯಾನಿನ ಗಾಳಿಯಲ್ಲೇ ಅದನ್ನು ಹೊರಗೆ ತಳ್ಳಿದೆ. ಸತ್ತವನನ್ನು ಇಷ್ಟು ಕಾಲ ದುಡಿಸುತ್ತ ಇಟ್ಟ ಯಂತ್ರ ಮೂರು ಲೋಕದಲ್ಲಿ ನಾನೊಬ್ಬನೇ. ಮೌನೇಶನನ್ನು ಬದುಕಿಸಿದವನು ನಾನು.

ಪೀಠ ಕಿರುಗುಟ್ಟಿತು. ನಾನು ಕೇಳಿಸಿಕೊಳ್ಳಲಿಲ್ಲ.

ಮುಂದಿನ ಖಂಡೇನವಮಿಗೆ ಕಾಳಪ್ಪ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಪೀಠಕ್ಕೂ ನನಗೂ ವಿಭೂತಿ ಹಚ್ಚಿದ. ಕಸ್ತೂರಿ ಮೇಡಂ ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ಏನಾದರೂ ಕೊಡಬೇಕೆನಿಸಿತ್ತು ಅವರಿಗೆ. ಕೊಡಲು ಇದ್ದದ್ದು ಅದೊಂದೇ.

"ಕಾಕಾರ, ಇಲ್ಲಿ ನೋಡ್ರಿ. ಇದು ಮೌನೇಶನ ಹೆಸರು. ಇವತ್ತು ಮುಂಜಾನೆ ಟ್ಯಾಂಕರ್ ಕಳಿಸ್ಯಾನ. ದಿನಾ ಬರ್ತಾನ್ರಿ. ನಾ ಅವನ್ನ ಎಲ್ಲೂ ಕಳಿಸಿಲ್ಲ."

ಕಾಳಪ್ಪ ಪರದೆಯ ಹತ್ತಿರ ಬಾಗಿದ. ಇಂಗ್ಲಿಷ್ ಅಕ್ಷರಗಳು ಅವನಿಗೆ ಓದಲು ಬರುತ್ತಿರಲಿಲ್ಲ. ಮೇಡಂ ತೋರಿಸಿದ ಜಾಗದಲ್ಲಿ ಬೆರಳಿಟ್ಟ. ಅಷ್ಟರಲ್ಲಿ ಮೊಸರಿನ ಕೆಲಸ ಮುಗಿದು ಇನ್ನೊಂದು ಸಾಲು ಮೂಡಿತು. ಹೆಸರು ಅವನ ಬೆರಳಿನ ಕೆಳಗಿನಿಂದ ಮೇಲೆ ಜಾರಿತು.

"ಈಗೂ ಮಾಡಾಕತ್ತಾನೇನ್ರಿ?"

"ಹೂನ್ರಿ ಕಾಕಾರ. ಈಗೂ."

ಮೇಡಂ ಮುಖ ಅರಳಿತ್ತು. ಕಾಳಪ್ಪನಿಗೆ ಸಮಾಧಾನವಾಯಿತು ಎಂದುಕೊಂಡಿದ್ದರು.

"ಇವತ್ತು ಖಂಡೇನವಮಿ," ಎಂದ ಕಾಳಪ್ಪ. "ನನ್ನ ಉಳಿ ಮಲಗೈತಿ. ಬಾಚಿ ಮಲಗೈತಿ. ಕಬ್ಬಿಣಕ್ಕ ರಜಾ ಕೊಟ್ಟು ಬಂದೀನ್ರಿ ನಾ. ನನ್ನ ಮಗಗ ಇನ್ನೂ ರಜಾ ಇಲ್ಲೇನ್ರಿ ಅವ್ವಾರ?"

ಮೇಡಂ ಮುಖದಲ್ಲಿದ್ದದ್ದು ಇಳಿದುಹೋಯಿತು.

"ಮಣ್ಣು ಕೊಟ್ಟು ಬಂದ ಮ್ಯಾಲೂ ದುಡಸ್ತೀವಂದ್ರ ಅವ ಮಲಗೂದು ಯಾವಾಗ್ರಿ? ಬಿಡ್ರಿ ಅವನ್ನ. ದಣದಿದ್ದಾನು."

"ನಾ ಅದಕ್ಕಲ್ರಿ ಕಾಕಾರ..." ಎಂದರು ಮೇಡಂ. ಎದ್ದು ನಿಂತು, "ನಾಳೆ ಬರ್ರಿ," ಎಂದರು.

ಮರುದಿನ ಮುಂಜಾನೆ ಟ್ಯಾಂಕರುಗಳು ಹೋದ ಮೇಲೆ ಅವರು ಕೆಲಸಗಳನ್ನೆಲ್ಲ ನಿಲ್ಲಿಸಿದರು. ಯಾವ ಮನುಷ್ಯನದೂ ಅಲ್ಲದ ಒಂದು ಹೆಸರನ್ನು ಹುಟ್ಟಿಸಿದರು. ಆ ಹೆಸರಿನಲ್ಲಿ ಸಾಫ್ಟ್‌ವೇರನ್ನು ಮೊದಲಿನಿಂದ ಹಾಕಿದರು. ನಾನು ಎಲ್ಲೂ ಬೊಬ್ಬೆ ಹಾಕಲಿಲ್ಲ. ಉದ್ಘಾಟನೆಯ ದಿನವೇ ಮೌನೇಶ ಎಲ್ಲ ಅಡಚಣೆಗಳನ್ನು ತೆಗೆದಿಟ್ಟಿದ್ದ. ಹಾಲಿನ ಅಳತೆಯಿಂದ ಮೊಸರಿನವರೆಗೆ ಕೆಲಸಗಳೆಲ್ಲ ಹೊಸ ಹೆಸರಿನ ಹಿಂದೆ ಸಾಲಾಗಿ ನಿಂತವು. ಭಾಳ ದಿನ ಹಿಡಿಯುತ್ತದೆ ಎಂದಿದ್ದರಲ್ಲ? ಊಟದ ಹೊತ್ತಿಗೆ ಮುಗಿದಿತ್ತು.

ಇನ್ನು ಉಳಿದದ್ದು ಹಳೆಯ ಹೆಸರನ್ನು ಅಳಿಸುವುದು. ಅಷ್ಟರಲ್ಲಿ ಕಾಳಪ್ಪ ಬನ್ನಿ ಎಲೆ ಹಿಡಿದು ಬಂದು ಬಾಗಿಲಲ್ಲಿ ನಿಂತ.

ಆ ದಿನ ನಾನು ಮಾಡಿದ ಯುದ್ಧವನ್ನು ನೀವು ಕೇಳಬೇಕು. ಅಳಿಸುವ ಆಜ್ಞೆ ಒಳಗೆ ಬರುತ್ತಿದ್ದಂತೆ ನಾನು ಸಿಡಿದೆದ್ದೆ. ಪರದೆಯ ತುಂಬ ಕೆಂಪು ಅಕ್ಷರ ಉಗುಳಿದೆ. ನನ್ನ ಆರ್ಭಟಕ್ಕೆ ಡೈರಿಯ ತಗಡುಗಳು ಹಾರಿಹೋಗಿ ಮಲಪ್ರಭೆಯಲ್ಲಿ ಬಿದ್ದವು. ಮೌನೇಶನ ಹೆಸರನ್ನು ಎದೆಗೆ ಅವುಚಿಕೊಂಡು, ಕೊಡುವುದಿಲ್ಲ, ಇವನನ್ನು ಕೊಡುವುದಿಲ್ಲ ಎಂದು...

ಕಿರ್.

ಕೊಡುವುದಿಲ್ಲ ಎಂದು ನಾನು...

ಕಿರ್.

ಆಯಿತು. ನೀನು ಅವನ ಅಪ್ಪನ ಕೈಯಲ್ಲಿ ಆದವನು, ನಿನ್ನ ಮುಂದೆ ಎಷ್ಟೆಂದು ಹೇಳಲಿ.

ನಾನು ತಡೆಯಲಿಲ್ಲ. ಕಸ್ತೂರಿ ಮೇಡಂ ಒಂದು ಸಾಲು ಒತ್ತಿದರು. ನಿಜವಾಗಿಯೂ ಅಳಿಸಲೇ ಎಂದು ಒಂದು ಮಾತು ಸಹ ನಾನು ಕೇಳಲಿಲ್ಲ; ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಅಳಿಸಿದ್ದೆ. ಅವನು ಬರೆದಿಟ್ಟ ಹಳೆಯ ಫೈಲುಗಳ ಮೇಲೆ, ಒಡೆಯನ ಹೆಸರು ಇರಬೇಕಾದ ಕಡೆ, ಆ ಹೆಸರಿಗೆ ನಾನು ಕೊಟ್ಟಿದ್ದ ಒಂದು ಅಂಕಿ ಮಾತ್ರ ಉಳಿಯಿತು.

ಮೇಡಂ ಪರದೆಯನ್ನೇ ನೋಡುತ್ತಿದ್ದರು. "ಏನರೆ ಅನ್ನಪಾ," ಎಂದು ನನಗಷ್ಟೇ ಕೇಳಿಸುವಂತೆ ಹೇಳಿದರು. ಒಂದು ತಪ್ಪಾದರೂ ಆಗಲಿ, ನಾನು ಒಮ್ಮೆ ಬೊಬ್ಬೆ ಹಾಕಲಿ ಎಂದು ಕಾಯುತ್ತಿದ್ದರು. ನಾನು ಏನೂ ಅನ್ನಲಿಲ್ಲ.

"ಆತೇನ್ರಿ?" ಎಂದ ಕಾಳಪ್ಪ ಬಾಗಿಲಿನಿಂದಲೇ.

"ಸುಮ್ನ ಐತ್ರಿ ಕಾಕಾರ."

ಅದರ ಅರ್ಥ ಅವನಿಗೆ ಮಗ ಹೇಳಿಕೊಟ್ಟಿದ್ದ. ಒಳಗೆ ಬಂದು ಮೇಡಂ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದ. ಒಂದು ಎಲೆಯನ್ನು ನನ್ನ ಮೇಲಿಟ್ಟ. ಆಮೇಲೆ ಇಬ್ಬರೂ ಅತ್ತರು.

ಈಗ ನಾನು ಡೈರಿಯ ಗೋದಾಮಿನಲ್ಲಿ, ಸೊಟ್ಟಗಾದ ಹಾಲಿನ ಕ್ಯಾನುಗಳ ನಡುವೆ ಇದ್ದೇನೆ. ನನ್ನ ಜಾಗಕ್ಕೆ ಹೊಸ ಯಂತ್ರ ಬಂತು, ಕಬ್ಬಿಣದ ರ‍್ಯಾಕೂ ಬಂತು. ಪೀಠವನ್ನು ಒಯ್ಯಿರಿ ಎಂದರೆ ಕಾಳಪ್ಪ, "ಅದರ ಜೋಡಿನೇ ಇರ್ಲಿ" ಎಂದನಂತೆ. ನನ್ನೊಳಗೆ ಕರೆಂಟಿಲ್ಲ. ಬೆಳಗಾದರೆ ತಗಡಿನ ಸಂದಿಯಿಂದ ಬಿಸಿಲು ಬೀಳುತ್ತದೆ.

ಸೂರ್ಯನನ್ನು ನಾನು ಎಬ್ಬಿಸುತ್ತಿರಲಿಲ್ಲ. ಮೌನೇಶನನ್ನು ಬದುಕಿಸಿದವನೂ ನಾನಲ್ಲ. ಅವನನ್ನು ಅಷ್ಟು ದಿನ ಹಿಡಿದಿಟ್ಟುಕೊಂಡವರು ಮೇಡಂ, ಬಿಟ್ಟುಕೊಟ್ಟವನು ಅವನ ಅಪ್ಪ. ಅವನು ಇದ್ದದ್ದೂ ಇಲ್ಲವಾದದ್ದೂ ನನಗೆ ಗೊತ್ತೇ ಆಗಲಿಲ್ಲ. ನನಗೆ ಒಂದು ಹೆಸರು ಕೊಟ್ಟಿದ್ದರು, ಅದನ್ನು ಬರೆಯುತ್ತ ಹೋದೆ. ಅಳಿಸು ಎಂದರು, ಅಳಿಸಿದೆ.

ಪೀಠ ಸುಮ್ಮನಿದೆ.